ಓಟಿಜಿಯಲ್ಲಿ ಇಡೀ ಗೆಣಸು: ಎಷ್ಟು ಉರಿ, ಎಷ್ಟು ಹೊತ್ತು?

ಕಾವೇರಿತೀರ (ಮೈಸೂರು)

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಹತ್ತಿರ ಬಂತು. ಮಾರ್ಕೆಟ್ಟಿನಲ್ಲಿ ಎಲ್ಲಿ ನೋಡಿದರೂ ಗೆಣಸು, ಅವರೆಕಾಯಿ, ಕಡಲೆಕಾಯಿ. ನಮ್ಮ ಮನೆಯಲ್ಲಿ ಗೆಣಸು ಎಂದರೆ ಕುಕ್ಕರಿನಲ್ಲಿ ಬೇಯಿಸಿದ್ದು, ಅಷ್ಟೇ. ಈಗ ಮನೆಗೆ 30 ಲೀಟರಿನ ಓಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟಿನ ಓವನ್) ಬಂದಿದೆ. ಸಿಪ್ಪೆ ಸಮೇತ ಇಡೀ ಗೆಣಸನ್ನು ಅದರಲ್ಲಿ ಬೇಯಿಸಿ, ಬಿಸಿಬಿಸಿ ಇರುವಾಗಲೇ ಸೀಳಿ, ತುಪ್ಪ ಹಾಕಿ ಮಕ್ಕಳಿಗೆ ಕೊಡಬೇಕು ಅಂತ ಆಸೆ.

ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು 180 ಡಿಗ್ರಿ ಅಂದರೆ ಇನ್ನೊಬ್ಬರು 220. ಹೊತ್ತು ಕೇಳಿದರೆ 40 ನಿಮಿಷದಿಂದ ಒಂದೂವರೆ ಗಂಟೆವರೆಗೂ ಇದೆ. ಪ್ರೀಹೀಟ್, ಅಂದರೆ ಖಾಲಿ ಓವನ್ ಮೊದಲೇ ಕಾಯಿಸುವುದು, ಮಾಡಬೇಕಾ? ಫಾಯಿಲ್ ಸುತ್ತಬೇಕಾ? ಫೋರ್ಕಿನಿಂದ ಚುಚ್ಚಬೇಕಾ? ಇನ್ನೂ ಒಂದು ವಿಷಯ. ಒಂದೇ ತಟ್ಟೆಯಲ್ಲಿ ಇಟ್ಟ ಗೆಣಸುಗಳಲ್ಲಿ ಒಂದು ಮೆತ್ತಗೆ, ಸಿಹಿಯಾಗಿ ಬರುತ್ತದೆ. ಅದರ ಪಕ್ಕದ್ದೇ ಹಿಟ್ಟು ಹಿಟ್ಟಾಗಿ ಸಪ್ಪೆ ಇರುತ್ತದೆ. ಇದು ಓವನ್ನಿನ ದೋಷವೋ, ಗೆಣಸಿನದೋ? ಅನುಭವ ಇರುವವರು ಬಿಡಿಸಿ ಹೇಳಿ.

ಮಲೆನಾಡಒಲೆ (ತೀರ್ಥಹಳ್ಳಿ)

ಪ್ರೀಹೀಟ್ ಬೇಡ. ಇಡೀ ಗೆಣಸಿಗಂತೂ ಬೇಡವೇ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಹಿಂದೆಯೇ ಬರುತ್ತದೆ.

ನಮ್ಮ ಕಡೆ ಬಚ್ಚಲ ಒಲೆಯಲ್ಲಿ ಗೆಣಸು ಸುಡುತ್ತಾರೆ. ಉರಿಯುತ್ತಿರುವ ಬೆಂಕಿಗೆ ಯಾರೂ ಹಾಕುವುದಿಲ್ಲ. ಹಂಡೆಯ ನೀರು ಕಾದು, ಉರಿ ತಗ್ಗಿ, ಕೆಂಡದ ಮೇಲೆ ಬೂದಿ ಕೂತ ಮೇಲೆ ಆ ಬೂದಿಯೊಳಗೆ ಹೂಳುತ್ತಾರೆ. ಮನೆಮಂದಿಯ ಸ್ನಾನ ಮುಗಿಯುವ ತನಕ ಅದು ಅಲ್ಲೇ ಇರುತ್ತದೆ. ಹಾಗೆ ಸುಟ್ಟ ಗೆಣಸಿನ ರುಚಿ ಕುಕ್ಕರಿನ ಗೆಣಸಿಗೆ ಬರುವುದಿಲ್ಲ ಅಲ್ವಾ? ಹೊಗೆಯ ವಾಸನೆ ಒಂದು ಕಾರಣ, ನಿಜ. ಅದಕ್ಕಿಂತ ದೊಡ್ಡ ಕಾರಣ ಕಾವು ನಿಧಾನವಾಗಿ ಒಳಗೆ ಇಳಿಯುವುದು. ಓಟಿಜಿಯಲ್ಲಿ ನಾನು ಮಾಡುವುದೂ ಅದನ್ನೇ.

ಕಾಲು ಕೆಜಿಯ ಆಸುಪಾಸಿನ ಗೆಣಸು ಆರಿಸಿಕೊಳ್ಳಿ. ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ, ಗುಳಿಗಳಲ್ಲಿ ಮಣ್ಣು ಕೂತಿರುತ್ತದೆ. ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ತುದಿ ಕತ್ತರಿಸಬೇಡಿ, ಕತ್ತರಿಸಿದ ಕಡೆಯಿಂದ ರಸವೆಲ್ಲ ಸೋರಿ ತಟ್ಟೆಯ ಪಾಲಾಗುತ್ತದೆ. ತಣ್ಣಗಿರುವ ಓಟಿಜಿಯಲ್ಲೇ ಇಟ್ಟು, ಮೇಲಿನ ರಾಡ್ ಕೆಳಗಿನ ರಾಡ್ ಎರಡೂ ಹಾಕಿ, 150 ಡಿಗ್ರಿಗೆ ತಿರುಗಿಸಿ. ಮುಕ್ಕಾಲು ಗಂಟೆ ಹಾಗೇ ಬಿಡಿ. ಆಮೇಲೆ 200ಕ್ಕೆ ಏರಿಸಿ ಇನ್ನು 30 ರಿಂದ 40 ನಿಮಿಷ. ಓಟಿಜಿಯ ಟೈಮರ್ ಸಾಮಾನ್ಯವಾಗಿ 60 ನಿಮಿಷಕ್ಕೆ ನಿಲ್ಲುತ್ತದೆ, ನಡುವೆ ಮತ್ತೆ ತಿರುಗಿಸಲು ಮರೆಯಬೇಡಿ.

ಬೆಂದಿದೆಯಾ ಅಂತ ನೋಡಲು ಕಡ್ಡಿ ಚುಚ್ಚಿ. ದಪ್ಪಗಿರುವ ನಡುಭಾಗದಲ್ಲಿ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯಬೇಕು. ಇಷ್ಟಾದರೂ ತಕ್ಷಣ ತೆಗೆಯಬೇಡಿ. ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಯೇ ಕಾಲು ಗಂಟೆ ಬಿಡಿ. ಸಿಪ್ಪೆ ಒಳಗಿನ ತಿರುಳಿನಿಂದ ಬಿಡಿಸಿಕೊಂಡು ಸ್ವಲ್ಪ ಸುಕ್ಕಾಗುತ್ತದೆ. ಆಗ ಸುಲಿಯಲು ಚಾಕು ಬೇಡ.

ನಿಮ್ಮ ಕೊನೆಯ ಪ್ರಶ್ನೆಗೆ: ಒಂದೇ ತಟ್ಟೆಯಲ್ಲಿ ಬೇರೆ ಬೇರೆ ರುಚಿ ಬಂದರೆ ಮೊದಲು ಗಾತ್ರ ನೋಡಿ. ತೆಳ್ಳಗಿನದು ಬೇಗ ಕಾಯುತ್ತದೆ, ದಪ್ಪನೆಯದರ ನಡು ಇನ್ನೂ ತಣ್ಣಗೇ ಇರುತ್ತದೆ. ಒಂದೇ ದಪ್ಪದವನ್ನು ಆರಿಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯಿತು. ಉದ್ದ ಎಷ್ಟಾದರೂ ಇರಲಿ, ಲೆಕ್ಕಕ್ಕೆ ಬರುವುದು ದಪ್ಪ.

ರಾಲೀಕನ್ನಡಿಗ (ನಾರ್ತ್ ಕ್ಯಾರೊಲಿನಾ)

ಮಲೆನಾಡಒಲೆ ಅವರೇ, ಗೌರವದಿಂದಲೇ ಒಂದು ಬೇರೆ ಮಾತು. ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವುದು ನಮ್ಮ ಈ ರಾಜ್ಯದಲ್ಲೇ. ಇಲ್ಲಿ ಎಲ್ಲರೂ ಓವನ್ ಮೊದಲೇ ಕಾಯಿಸಿ, 400 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಒಂದು ಗಂಟೆ ಇಡುತ್ತಾರೆ. ನಿಮ್ಮ ಲೆಕ್ಕದಲ್ಲಿ ಸುಮಾರು 200 ಸೆಲ್ಸಿಯಸ್. ಅದು ಚೆನ್ನಾಗಿಯೇ ಬರುತ್ತದೆ. ಸಿಪ್ಪೆಯ ಮೇಲೆ ಪಾಕ ಒಸರಿ ಕಪ್ಪಗೆ ಅಂಟಿಕೊಂಡಿರುತ್ತದೆ. ಎರಡು ಹಂತದ ಕೆಲಸ ನಿಜವಾಗಿ ಬೇಕಾ?

ಸೂಕ್ಷ್ಮನೋಟ (ಬೆಂಗಳೂರು)

ಇಬ್ಬರು ಹೇಳುವುದೂ ಸರಿ, ಏಕೆಂದರೆ ಇಬ್ಬರ ಕೈಯಲ್ಲಿರುವ ಗೆಣಸು ಬೇರೆ. ನಾನು ಆಹಾರ ವಿಜ್ಞಾನ ಕಲಿಸುವವಳು. ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸುತ್ತೇನೆ, ಆಗ ಉರಿಯ ಲೆಕ್ಕ ತಾನಾಗಿಯೇ ಹೊಳೆಯುತ್ತದೆ.

ಹಸಿ ಗೆಣಸಿನಲ್ಲಿ ಸಕ್ಕರೆ ಸ್ವಲ್ಪ, ಪಿಷ್ಟ ಜಾಸ್ತಿ. ಅದರ ಜೊತೆಗೆ ಬೀಟಾ ಅಮೈಲೇಸ್ ಎಂಬ ಕಿಣ್ವ ಇದೆ. ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುವುದು ಇದರ ಕೆಲಸ. ಆದರೆ ಹಸಿ ಪಿಷ್ಟದ ಕಾಳು ಗಟ್ಟಿಯಾಗಿರುತ್ತದೆ, ಕಿಣ್ವಕ್ಕೆ ಅದರೊಳಗೆ ಬಾಯಿ ಹಾಕಲು ಆಗುವುದಿಲ್ಲ. ಸುಮಾರು 60 ರಿಂದ 75 ಡಿಗ್ರಿಯ ನಡುವೆ ಪಿಷ್ಟ ನೀರು ಹೀರಿ ಊದಿಕೊಳ್ಳುತ್ತದೆ, ಆಗ ಕಿಣ್ವಕ್ಕೆ ದಾರಿ ಸಿಗುತ್ತದೆ. ಇನ್ನು ಸ್ವಲ್ಪ ಮೇಲೆ, 80 ಡಿಗ್ರಿಯ ಆಸುಪಾಸಿನಲ್ಲಿ, ಕಿಣ್ವವೇ ಸಾಯುತ್ತದೆ. ಅಂದರೆ ಸಿಹಿ ಹುಟ್ಟುವುದು ಈ ಚಿಕ್ಕ ಕಿಂಡಿಯಲ್ಲಿ. ಗೆಣಸಿನ ನಡುಭಾಗ ಆ ಕಿಂಡಿಯಲ್ಲಿ ಎಷ್ಟು ಹೊತ್ತು ನಿಂತಿತು ಅನ್ನುವುದರ ಮೇಲೆ ರುಚಿ ನಿಂತಿದೆ.

ಮೈಕ್ರೊವೇವ್‌ನಲ್ಲಿ ಗೆಣಸು ಆ ಕಿಂಡಿಯನ್ನು ನಾಲ್ಕಾರು ನಿಮಿಷಗಳಲ್ಲೇ ದಾಟಿಬಿಡುತ್ತದೆ. ಬೇಯುತ್ತದೆ, ಸಿಹಿ ಆಗುವುದಿಲ್ಲ. ಕುಕ್ಕರಿನಲ್ಲೂ ಬೇಗ ದಾಟುತ್ತದೆ. ಬೂದಿಯಲ್ಲೂ ನಿಧಾನದ ಓವನ್ನಿನಲ್ಲೂ ಬಹಳ ಹೊತ್ತು ನಿಲ್ಲುತ್ತದೆ. ಮಾಲ್ಟೋಸ್ ನಮ್ಮ ಸಕ್ಕರೆಯಷ್ಟು ಸಿಹಿಯಲ್ಲ, ಅರ್ಧಕ್ಕಿಂತ ಕಡಿಮೆಯೇ. ಆದರೆ ಹುಟ್ಟುವ ಪ್ರಮಾಣ ಜಾಸ್ತಿ, ಹಾಗಾಗಿ ನಾಲಿಗೆಗೆ ಚೆನ್ನಾಗಿ ತಿಳಿಯುತ್ತದೆ.

ರಾಲೀ ಅವರು ತಿನ್ನುವ ಕಿತ್ತಳೆ ತಿರುಳಿನ ಗೆಣಸಿನಲ್ಲಿ ನೀರಿನ ಅಂಶ ಜಾಸ್ತಿ, ಹಸಿಯಾಗಿದ್ದಾಗಲೇ ಸಕ್ಕರೆಯೂ ಚೆನ್ನಾಗಿರುತ್ತದೆ. ಅದು 200ರಲ್ಲಿ ನೇರ ಇಟ್ಟರೂ ನಡೆಯುತ್ತದೆ. ದಪ್ಪ ಗೆಣಸಾದರೆ 200ರಲ್ಲೂ ನಡುಭಾಗ ನಿಧಾನವಾಗಿಯೇ ಕಾಯುತ್ತದೆ. ನಮ್ಮ ಕೆಂಪು ಸಿಪ್ಪೆ, ಬಿಳಿ ತಿರುಳಿನ ಗೆಣಸು ಹಾಗಲ್ಲ. ಒಣ ಅಂಶ ಹೆಚ್ಚು, ಪಿಷ್ಟ ಹೆಚ್ಚು. ಇದಕ್ಕೆ ಆ ಮುಕ್ಕಾಲು ಗಂಟೆಯ ಸಣ್ಣ ಕಾವು ನಿಜವಾಗಿ ಕೆಲಸ ಮಾಡುತ್ತದೆ.

ಕೊನೆಗೆ 200ಕ್ಕೆ ಏರಿಸುವುದು ಯಾಕೆ ಅಂದರೆ ಮೆತ್ತಗಾಗಲು, ಜೊತೆಗೆ ಪರಿಮಳಕ್ಕೆ. ನಡುಭಾಗ 95 ಡಿಗ್ರಿ ದಾಟಿದರೆ ತಿರುಳು ನುಣ್ಣಗಾಗುತ್ತದೆ. ಸಿಪ್ಪೆಯ ಕೆಳಗೆ ಕಂದು ಬಣ್ಣ, ಕಾಸಿದ ಸಕ್ಕರೆಯ ವಾಸನೆ ಬರುವುದು ಈ ಎರಡನೇ ಹಂತದಲ್ಲೇ.

ರಾಲೀಕನ್ನಡಿಗ

ಈಗ ಸ್ಪಷ್ಟವಾಯಿತು ಮೇಡಂ, ಧನ್ಯವಾದ. ಇಲ್ಲಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕೋವಿಂಗ್ಟನ್ ಮತ್ತು ಬ್ಯೂರೆಗಾರ್ಡ್ ತಳಿ. ಎರಡೂ ಕಿತ್ತಳೆ, ಎರಡೂ ರಸಭರಿತ. ಬ್ಯೂರೆಗಾರ್ಡ್ 1987ರಲ್ಲಿ ಲೂಸಿಯಾನದಿಂದ ಬಂದದ್ದು. ಊರಿನ ರುಚಿ ಬೇಕೆನ್ನುವ ಕನ್ನಡಿಗರಿಗೆ ನಾನು ಹೇಳುವುದು ಮುರಸಾಕಿ ಅಂತ ಬರೆದ ಗೆಣಸು ತೆಗೆದುಕೊಳ್ಳಿ ಅಂತ. ನೇರಳೆ ಸಿಪ್ಪೆ, ಬಿಳಿ ತಿರುಳು, ಸ್ವಲ್ಪ ಹಿಟ್ಟು ಹಿಟ್ಟು. ನಮ್ಮ ಗೆಣಸಿಗೆ ತುಂಬಾ ಹತ್ತಿರ. ಅದನ್ನು ನಿಮ್ಮ ಎರಡು ಹಂತದ ಲೆಕ್ಕದಲ್ಲೇ ಮಾಡುತ್ತೇನೆ. ಒಳಗೂ ನೇರಳೆ ಬಣ್ಣದ ಸ್ಟೋಕ್ಸ್ ಅಂತ ಒಂದು ಬರುತ್ತದೆ. ಅದು ಬಹಳ ಒಣ, ಉಳಿದವಕ್ಕಿಂತ ಅರ್ಧ ಗಂಟೆಯಾದರೂ ಜಾಸ್ತಿ ಬೇಕು.

ಕರಾವಳಿಕೈರುಚಿ (ಕುಂದಾಪುರ)

ಎಲ್ಲ ಸರಿ ಮಾರಾಯ್ರೆ, ನಾಲ್ಕು ಗೆಣಸು ಬೇಯಿಸಲು ಒಂದೂಕಾಲು ಗಂಟೆಯ ಕರೆಂಟು ಯಾಕೆ? ಕುಕ್ಕರಿನಲ್ಲಿ ಎರಡು ಸೀಟಿ ಸಾಕು. ಗೆಣಸು ಬಡವರ ತಿಂಡಿ. ಅದನ್ನು ಇಷ್ಟು ದುಬಾರಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಮಲೆನಾಡಒಲೆ

ಪ್ರಶ್ನೆ ನ್ಯಾಯವಾದದ್ದೇ. 30 ಲೀಟರಿನ ಓಟಿಜಿ ಸಾಮಾನ್ಯವಾಗಿ 1500 ವ್ಯಾಟ್ ಆಸುಪಾಸಿನದು. 80 ನಿಮಿಷ ಬಿಡದೆ ಉರಿದರೂ 2 ಯೂನಿಟ್. ಕಾವು ಮುಟ್ಟಿದಾಗ ರಾಡ್ ತಾನಾಗಿ ಆರುತ್ತದೆ, ಹಾಗಾಗಿ ನಿಜವಾದ ಖರ್ಚು ಅದಕ್ಕಿಂತ ಕಡಿಮೆ. ನಾಲ್ಕು ಗೆಣಸಿಗಾಗಿ ಹಚ್ಚಿದರೆ ದುಬಾರಿ ಅನಿಸಬಹುದು. ಆದರೆ ಅದೇ ತಟ್ಟೆಯಲ್ಲಿ ಎರಡು ಕೆಜಿ ಹಿಡಿಯುತ್ತದೆ. ಬೆಂದದ್ದನ್ನು ಸಿಪ್ಪೆ ಸಮೇತ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಇರುತ್ತದೆ. ಬೆಳಿಗ್ಗೆ ಕಾವಲಿಯ ಮೇಲೆ ಬಿಸಿ ಮಾಡಿದರೆ ಆಯಿತು. ಕೇಕ್ ಅಥವಾ ಬ್ರೆಡ್ ಮಾಡಿದ ದಿನ ಓವನ್ ಹೇಗೂ ಕಾದಿರುತ್ತದೆ. ಅದನ್ನು ತೆಗೆದ ಮೇಲೆ ಬಾಗಿಲು ಸ್ವಲ್ಪ ತೆರೆದಿಟ್ಟು, ಕಾವು ಇಳಿಸಿ, ಗೆಣಸು ಒಳಗಿಡಬಹುದು.

ಸೌದೆ ಒಲೆ ಇರುವವರು ಬೂದಿಯಲ್ಲೇ ಸುಡಲಿ. ಅದಕ್ಕೆ ಮೀರಿದ್ದಿಲ್ಲ. ಫ್ಲಾಟಿನಲ್ಲಿ ಇರುವ ನಮ್ಮ ಮಕ್ಕಳಿಗೆ ಆ ರುಚಿ ತಿಳಿಯಬೇಕಾದರೆ ಬೇರೆ ದಾರಿ ಬೇಕಲ್ಲ?

ಕರಾವಳಿಕೈರುಚಿ

ಎರಡು ಕೆಜಿ ಒಟ್ಟಿಗೆ ಅಂದರೆ ಒಪ್ಪಿದೆ. ಫಾಯಿಲ್ ವಿಷಯ ಹೇಳಿ. ನನ್ನ ತಂಗಿ ಪ್ರತಿಯೊಂದನ್ನೂ ಸುತ್ತುತ್ತಾಳೆ.

ಮಲೆನಾಡಒಲೆ

ಸುತ್ತಿದರೆ ಒಳಗಿನ ಹಬೆ ಹೊರಗೆ ಹೋಗುವುದಿಲ್ಲ. ತಿರುಳು ಮೆತ್ತಗಾಗುತ್ತದೆ, ಸಿಪ್ಪೆ ಒದ್ದೆಯಾಗಿ ಸುಮ್ನೆ ಬೇಯಿಸಿದ ಗೆಣಸಿನ ಹಾಗೆ ಇರುತ್ತದೆ. ಸುಟ್ಟ ಪರಿಮಳ ಬರುವುದಿಲ್ಲ. ಬಹಳ ಒಣಗಿದ ಗೆಣಸಾದರೆ ಮೊದಲ ಹಂತಕ್ಕೆ ಮಾತ್ರ ಸುತ್ತಿ, 200ಕ್ಕೆ ಏರಿಸುವಾಗ ಬಿಚ್ಚಿ. ಫಾಯಿಲನ್ನು ತಟ್ಟೆಯ ಮೇಲೆ ಹಾಸಿ, ಅದು ಕಡ್ಡಾಯ. ಒಸರಿದ ಪಾಕ ತಟ್ಟೆಗೆ ಹತ್ತಿದರೆ ಉಜ್ಜಿ ಉಜ್ಜಿ ಕೈ ಸೋಲುತ್ತದೆ.

ಚುಚ್ಚುವ ಬಗ್ಗೆ: ನಾಲ್ಕೈದು ಕಡೆ ಆಳವಿಲ್ಲದೆ ಚುಚ್ಚಿದರೆ ಸಾಕು. ಓವನ್ನಿನಲ್ಲಿ ಗೆಣಸು ಸಿಡಿಯುವುದು ಅಪರೂಪ, ಆದರೆ ಸಿಡಿದರೆ ರಾಡಿಗೆ ಅಂಟಿಕೊಳ್ಳುತ್ತದೆ. ಮೈಕ್ರೊವೇವ್‌ನಲ್ಲಾದರೆ ಚುಚ್ಚಲೇಬೇಕು.

ಖಾನಾಪುರರೈತ (ಬೆಳಗಾವಿ)

ನಮಸ್ಕಾರ ರೀ ಎಲ್ಲರಿಗೂ. ಓವನ್ ಮಾತು ನೀವು ಆಡಿದ್ದೀರಿ, ಗೆಣಸಿನ ಮಾತು ನಾನು ಆಡುತ್ತೇನೆ. ನಮ್ಮ ರಾಜ್ಯದಲ್ಲಿ ಗೆಣಸಿಗೆ ಹೆಸರಾದದ್ದು ನಮ್ಮ ಬೆಳಗಾವಿ ಜಿಲ್ಲೆ. ಇಲ್ಲಿಂದ ಉತ್ತರ ಭಾರತದ ಮಾರುಕಟ್ಟೆಗಳಿಗೂ ಲಾರಿ ಹೋಗುತ್ತವೆ. ಮಳೆ ಹಿಡಿದ ಮೇಲೆ ಬೋದು (ಮಣ್ಣಿನ ದಿಂಡು) ಏರಿಸಿ ಬಳ್ಳಿಯ ತುಂಡು ನೆಡುತ್ತೇವೆ. ತಳಿ ನೋಡಿಕೊಂಡು ಮೂರರಿಂದ ನಾಲ್ಕು ತಿಂಗಳಿಗೆ ಕೀಳುತ್ತೇವೆ.

ಮೈಸೂರಿನ ಅಕ್ಕಾರ ಕೇಳಿದ್ದಾರಲ್ಲ, ಒಂದು ಸಿಹಿ ಒಂದು ಸಪ್ಪೆ ಯಾಕೆ ಅಂತ. ಗಾತ್ರ ಒಂದು ಕಾರಣ, ಒಪ್ಪುತ್ತೇನೆ. ಇನ್ನೊಂದು ಕಾರಣ ನೋಡ್ರಿ, ಅದನ್ನು ಕಿತ್ತು ಎಷ್ಟು ದಿನ ಆಯಿತು ಅನ್ನುವುದು. ಹೊಲದಿಂದ ಕಿತ್ತ ದಿನವೇ ತಿಂದರೆ ಗೆಣಸು ಹಿಟ್ಟಾಗಿ ಸಪ್ಪೆ ಇರುತ್ತದೆ. ನಾವು ಮನೆಗೆ ಇಟ್ಟುಕೊಳ್ಳುವ ಗೆಣಸನ್ನು ತೊಳೆಯುವುದಿಲ್ಲ. ಮಣ್ಣು ಉದುರಿಸಿ, ನೆರಳಲ್ಲಿ ಹರವಿ, ಕೆಲವು ದಿನ ಬಿಟ್ಟು ಆಮೇಲೆ ತಿನ್ನುತ್ತೇವೆ. ಆಗ ಅದರ ರುಚಿಯೇ ಬೇರೆ. ಮಾರ್ಕೆಟ್ಟಿನ ರಾಶಿಯಲ್ಲಿ ನಿನ್ನೆ ಕಿತ್ತದ್ದೂ ಇರುತ್ತದೆ, ಹೋದ ವಾರ ಕಿತ್ತದ್ದೂ ಇರುತ್ತದೆ. ನೀವು ಒಂದು ಕೆಜಿ ತಂದರೆ ಎರಡೂ ಬಂದಿರುತ್ತವೆ.

ಆರಿಸುವಾಗ ಕೈಯಲ್ಲಿ ತೂಗಿ ನೋಡಿ. ಗಾತ್ರಕ್ಕೆ ತಕ್ಕ ತೂಕ ಇರಬೇಕು. ತುದಿ ಸುಕ್ಕಾಗಿರಬಾರದು. ಮೇಲೆ ಸಣ್ಣ ಸಣ್ಣ ಕಪ್ಪು ತೂತು ಕಂಡರೆ ಕೈ ಬಿಡಿ. ಅದು ಮೂತಿಹುಳು ಹೊಕ್ಕಿದ್ದು. ಮಣ್ಣು ಒಣಗಿ ಬಿರುಕು ಬಿಟ್ಟಾಗ ಆ ಬಿರುಕಿನಿಂದ ಇಳಿದು ಗಡ್ಡೆ ಸೇರುತ್ತದೆ. ಅದಕ್ಕೇ ನಾವು ಬುಡಕ್ಕೆ ಮತ್ತೆ ಮತ್ತೆ ಮಣ್ಣು ಏರಿಸುವುದು. ಹುಳು ತಿಂದ ಗೆಣಸು ಕಹಿ ಇರುತ್ತದೆ. ಎಷ್ಟು ಬೇಯಿಸಿದರೂ ಕಹಿ ಹೋಗುವುದಿಲ್ಲ.

ಸೂಕ್ಷ್ಮನೋಟ

ರೈತರ ಮಾತಿಗೆ ಎರಡು ಸೇರಿಸುತ್ತೇನೆ, ಎರಡೂ ಮುಖ್ಯ.

ಹುಳು ಅಥವಾ ಬೂಸ್ಟು ತಗುಲಿದಾಗ ಗೆಣಸು ತನ್ನನ್ನು ಕಾಪಾಡಿಕೊಳ್ಳಲು ಕೆಲವು ಕಹಿ ರಾಸಾಯನಿಕಗಳನ್ನು ಮಾಡಿಕೊಳ್ಳುತ್ತದೆ. ಅವು ವಿಷಕಾರಿ, ಓವನ್ನಿನ ಕಾವಿಗೂ ಪೂರ್ತಿ ಹೋಗುವುದಿಲ್ಲ. ಬೂಸ್ಟು ಹಿಡಿದ ಗೆಣಸು ತಿಂದು ದನಗಳು ಸತ್ತ ಪ್ರಕರಣಗಳು ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಕೊಳೆತದ್ದನ್ನು ಕತ್ತರಿಸಿ ಉಳಿದದ್ದನ್ನು ತಿನ್ನುವುದೂ ಬೇಡ, ಹಸುವಿಗೆ ಹಾಕುವುದೂ ಬೇಡ. ಮೊಳಕೆ ಬಂದ ಗೆಣಸಿಗೆ ಮಾತ್ರ ಹೆದರಬೇಡಿ. ಆಲೂಗಡ್ಡೆಯ ಮೊಳಕೆಯ ವಿಷ ಇದರಲ್ಲಿಲ್ಲ. ಇದು ಬೇರೆ ಕುಟುಂಬದ ಗಿಡ. ಇದರ ಚಿಗುರೆಲೆಯನ್ನೂ ಪಲ್ಯ ಮಾಡಿ ತಿನ್ನಬಹುದು.

ಎರಡನೆಯದು, ಕಿತ್ತ ಮೇಲೆ ಮಾಗಿಸುವುದು. ದೊಡ್ಡ ಪ್ರಮಾಣದಲ್ಲಿ ಬೆಳೆಯುವ ದೇಶಗಳಲ್ಲಿ ಕಿತ್ತ ಗೆಣಸನ್ನು ಸುಮಾರು 30 ಡಿಗ್ರಿ ಬಿಸಿಯ, ಶೇ. 85 ರಿಂದ 90 ತೇವದ ಕೋಣೆಯಲ್ಲಿ 4 ರಿಂದ 7 ದಿನ ಇಡುತ್ತಾರೆ. ಕೀಳುವಾಗ ಆದ ಗಾಯ ಮಾಯುತ್ತದೆ. ಆಮೇಲೆ 13 ರಿಂದ 16 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಇಟ್ಟಷ್ಟು ದಿನವೂ ಪಿಷ್ಟ ಸ್ವಲ್ಪ ಸ್ವಲ್ಪ ಸಕ್ಕರೆಯಾಗುತ್ತಾ ಹೋಗುತ್ತದೆ. ಮನೆಯಲ್ಲಿ ಬುಟ್ಟಿಗೆ ಹಾಕಿ, ಗಾಳಿ ಆಡುವ ನೆರಳಿನಲ್ಲಿ ಒಂದು ವಾರ ಇಟ್ಟರೂ ವ್ಯತ್ಯಾಸ ತಿಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ.

ಕಾವೇರಿತೀರ

ಅಯ್ಯೋ, ನಾವು ತಂದ ಕೂಡಲೆ ತೊಳೆದು ಫ್ರಿಜ್ಜಿನ ತರಕಾರಿ ಡಬ್ಬಿಗೆ ಹಾಕುವ ರೂಢಿ. ಹಾಗೆ ಇಡಬಾರದಾ?

ಸೂಕ್ಷ್ಮನೋಟ

ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಇದು ಬಿಸಿನಾಡಿನ ಬೆಳೆ. ಸುಮಾರು 12 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇಟ್ಟರೆ ಒಳಗಿನ ಜೀವಕೋಶಗಳಿಗೆ ಪೆಟ್ಟಾಗುತ್ತದೆ. ಆಮೇಲೆ ಬೇಯಿಸಿದಾಗ ಸುತ್ತಲೂ ಮೆತ್ತಗಾದರೂ ನಡುವೆ ಒಂದು ಭಾಗ ಗಟ್ಟಿಯಾಗಿಯೇ ಉಳಿಯುತ್ತದೆ. ಎಷ್ಟು ಹೊತ್ತು ಓವನ್ನಿನಲ್ಲಿ ಇಟ್ಟರೂ ಅದು ಬೇಯುವುದಿಲ್ಲ. ನಿಮ್ಮ ತಟ್ಟೆಯ ಒಂದೆರಡು ಗೆಣಸಿಗೆ ಇದೂ ಕಾರಣ ಇರಬಹುದು.

ಹೊಸರುಚಿ (ಹುಬ್ಬಳ್ಳಿ)

ಹಾಗಾದರೆ ಹಸಿ ಗೆಣಸನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ನೇರ ಓವನ್ನಿಗೆ ಇಡುವ ವಿಡಿಯೊಗಳು ಬರುತ್ತವಲ್ಲ, ಅದು ಸುಳ್ಳಾ?

ಸೂಕ್ಷ್ಮನೋಟ

ಸುಳ್ಳಲ್ಲ. ಎರಡೂ ಬೇರೆ. ಫ್ರಿಜ್ಜಿನ ತಣುವಿನಲ್ಲಿ ಗೆಣಸು ಬದುಕಿಯೇ ಇರುತ್ತದೆ, ದಿನಗಟ್ಟಲೆ ನರಳುತ್ತದೆ. ಫ್ರೀಜರಿನಲ್ಲಿ ಒಳಗಿನ ನೀರು ಮಂಜುಗಡ್ಡೆಯಾಗಿ ಜೀವಕೋಶದ ಗೋಡೆಗಳನ್ನು ಒಡೆಯುತ್ತದೆ. ಒಡೆದದ್ದು ಬೆಂದಾಗ ಬಹಳ ಮೆತ್ತಗಾಗುತ್ತದೆ. ಮೇಲಾಗಿ ಮಂಜು ಕರಗಿ ಕಾಯಲು ಹೊತ್ತು ಹಿಡಿಯುವುದರಿಂದ ಆ 60-80ರ ಕಿಂಡಿಯನ್ನೂ ನಿಧಾನವಾಗಿಯೇ ದಾಟುತ್ತದೆ. ಹೊರಗಿಟ್ಟ ಒಳ್ಳೆಯ ಗೆಣಸನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಕರಗಿಸದೆ 220 ಡಿಗ್ರಿಗೆ ಇಟ್ಟು ನೋಡಿ. ಕಿತ್ತಳೆ ಗೆಣಸಿಗೆ ಇದು ಅಷ್ಟಾಗಿ ಬೇಕಿಲ್ಲ, ಹಿಟ್ಟಾಗುವ ಬಿಳಿ ಗೆಣಸಿಗೆ ಚೆನ್ನಾಗಿ ಒಪ್ಪುತ್ತದೆ.

ತ್ಸುಕುಬಾನಿವಾಸಿ (ಜಪಾನ್)

ನಾನಿರುವ ಇಬರಾಕಿ ಪ್ರಾಂತ ಇಲ್ಲಿ ಗೆಣಸಿಗೆ ಹೆಸರುವಾಸಿ. ಒಣಗಿಸಿದ ಗೆಣಸಂತೂ ದೇಶಕ್ಕೆಲ್ಲ ಬಹುಪಾಲು ಇಲ್ಲಿಂದಲೇ ಹೋಗುತ್ತದೆ. ಚಳಿಗಾಲ ಬಂತೆಂದರೆ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲೇ ಗೆಣಸು ಸುಡುವ ಯಂತ್ರ ಇಡುತ್ತಾರೆ. ಒಳಗೆ ಕಾಲಿಡುವ ಮೊದಲೇ ವಾಸನೆ ಕರೆಯುತ್ತದೆ. ಹಳೆಯ ಕ್ರಮದಲ್ಲಿ ಕಾದ ಸಣ್ಣ ಕಲ್ಲುಗಳ ನಡುವೆ ಹೂತು ಸುಡುತ್ತಾರೆ. ಮಲೆನಾಡಿನ ಬೂದಿಯ ಲೆಕ್ಕವೇ ಇಲ್ಲಿ ಕಲ್ಲಿನದು. ಮನೆಯ ಓವನ್ನಿಗೂ ಇವರು ಸಣ್ಣ ಕಾವನ್ನೇ ಹೇಳುತ್ತಾರೆ.

ತಳಿಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಬೆನಿ ಹರುಕ, ತಾನೆಗಾಶಿಮಾ ದ್ವೀಪದ ಅನ್ನೋ ಇಮೊ, ಇವು ಸುಟ್ಟರೆ ಪಾಕದ ಹಾಗೆ ಇಳಿಯುತ್ತವೆ. ಅದೇ ಸತ್ಸುಮಾಹಿಕಾರಿ ಎಂಬ ತಳಿಯಲ್ಲಿ ಮೇಡಂ ಹೇಳಿದ ಆ ಕಿಣ್ವ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಷ್ಟು ನಿಧಾನವಾಗಿ ಸುಟ್ಟರೂ ಅದು ಸಿಹಿಯಾಗುವುದಿಲ್ಲ. ಹಾಗಾಗಿ ಎಲ್ಲ ಸರಿಯಾಗಿ ಮಾಡಿಯೂ ಸಪ್ಪೆ ಬಂದರೆ ಗೆಣಸಿನ ತಳಿಯನ್ನೇ ಬದಲಿಸಿ ನೋಡಬೇಕು.

ಖಾನಾಪುರರೈತ

ನಮ್ಮ ದೇಶದಲ್ಲೂ ಒಳ್ಳೆಯ ತಳಿ ಇವೆ ರೀ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಭೂ ಸೋನಾ ಅಂತ ಕಿತ್ತಳೆ ತಿರುಳಿನದು, ಭೂ ಕೃಷ್ಣ ಅಂತ ನೇರಳೆ ತಿರುಳಿನದು ಬಿಡುಗಡೆ ಮಾಡಿದ್ದಾರೆ. ಪೇಟೆಯ ಜನ ಕೇಳಿ ಕೊಂಡರೆ ಬೆಳೆಯುವವರು ತಾನಾಗಿ ಹೆಚ್ಚುತ್ತಾರೆ. ಈಗ ಕೇಳುವವರೇ ಕಡಿಮೆ, ಎಲ್ಲರಿಗೂ ಕೆಂಪು ಸಿಪ್ಪೆಯದೇ ಬೇಕು.

ಪಥ್ಯಪಾತ್ರೆ (ಶಿವಮೊಗ್ಗ)

ಕಿತ್ತಳೆ ತಿರುಳಿನ ಬಗ್ಗೆ ರೈತರು ಹೇಳಿದ್ದು ನನಗೆ ಬಹಳ ಖುಷಿ ಕೊಟ್ಟಿತು. ನಾನು ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಭೂ ಸೋನಾದಲ್ಲಿ 100 ಗ್ರಾಮಿಗೆ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಇದೆ. ನಮ್ಮ ದೇಹ ಅದರಿಂದ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಬಿಳಿ ತಿರುಳಿನದರಲ್ಲಿ ಇದು ತೀರಾ ಕಡಿಮೆ. ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ಆದ್ದರಿಂದ ಒಂದು ಚಮಚ ತುಪ್ಪ ಹಾಕಿ ಮಕ್ಕಳಿಗೆ ಕೊಡುವ ನಿಮ್ಮ ಯೋಚನೆ ಸರಿಯಾಗಿದೆ ಕಾವೇರಿತೀರ ಅವರೇ.

ಒಂದು ಎಚ್ಚರಿಕೆ ಹೇಳಲೇಬೇಕು. ಗೆಣಸು ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಎಲ್ಲ ಕಡೆ ಓದುತ್ತೇವೆ. ಅದು ಹೇಗೆ ಬೇಯಿಸಿದಿರಿ ಅನ್ನುವುದರ ಮೇಲೆ ಇದೆ. ಜಮೈಕಾದ ಹತ್ತು ತಳಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ನೀರಿನಲ್ಲಿ ಬೇಯಿಸಿದ ಗೆಣಸಿನ ಗ್ಲೈಸೆಮಿಕ್ ಸೂಚ್ಯಂಕ (ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅನ್ನುವ ಅಳತೆ) 41 ರಿಂದ 50ರ ಒಳಗಿತ್ತು. ಅವೇ ತಳಿಗಳನ್ನು ಓವನ್ನಿನಲ್ಲಿ ಬೇಯಿಸಿದಾಗ 82 ರಿಂದ 94ಕ್ಕೆ ಏರಿತು. ನಾವು ರುಚಿಗಾಗಿ ಮಾಡುವ ಆ ನಿಧಾನದ ಕೆಲಸವೇ ರಕ್ತದ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದರೆ ಅವರಿಗೆ ನೀರಿನಲ್ಲಿ ಬೇಯಿಸಿದ್ದೇ ಇರಲಿ. ಅದೂ ಅರ್ಧ ಗೆಣಸು, ಜೊತೆಗೆ ಮೊಸರೋ ಕಡಲೆಕಾಯಿಯೋ ಹೆಸರುಬೇಳೆ ಕೋಸಂಬರಿಯೋ. ಔಷಧಿ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.

ಕಾವೇರಿತೀರ

ತುಂಬಾ ಒಳ್ಳೆಯ ಮಾತು ಹೇಳಿದಿರಿ ಮೇಡಂ. ನಮ್ಮ ಅತ್ತೆಗೆ ಶುಗರ್ ಇದೆ. ಅವರ ಪಾಲಿನದು ಬೇಯಿಸಿದ್ದೇ ಇರಲಿ.

ಇನ್ನೊಂದು ಕೇಳುವುದಿದೆ. ಬೆಂದ ಗೆಣಸನ್ನು ಸೀಳಿದಾಗ ಕೆಲವೊಮ್ಮೆ ಒಳಗೆ ಬೂದು, ಹಸಿರು ಬಣ್ಣದ ಕಲೆ ಕಾಣುತ್ತದೆ. ಅದು ಹುಳುವಿನದಾ?

ಸೂಕ್ಷ್ಮನೋಟ

ವಾಸನೆ ಸರಿಯಿದ್ದು, ಕಹಿ ಇಲ್ಲದಿದ್ದರೆ ಅಲ್ಲ. ಗೆಣಸಿನಲ್ಲಿ ಕ್ಲೋರೊಜೆನಿಕ್ ಆಮ್ಲ ಇರುತ್ತದೆ. ಅದು ಗಾಳಿ, ಕಬ್ಬಿಣದ ಅಂಶ ಅಥವಾ ಕ್ಷಾರದ ಜೊತೆ ಸೇರಿ ಹಾಗೆ ಬಣ್ಣ ಕೊಡುತ್ತದೆ. ತಿಂದರೆ ತೊಂದರೆ ಇಲ್ಲ. ಹೋಳು ಮಾಡಿ ಬೇಯಿಸುವುದಾದರೆ ಕತ್ತರಿಸಿದ ಕೂಡಲೆ ನೀರಿನಲ್ಲಿ ಹಾಕಿ, ಕಪ್ಪಾಗುವುದಿಲ್ಲ.

ಹೊಸರುಚಿ

ಹೋಳುಗಳ ಬಗ್ಗೆಯೂ ಹೇಳಿಬಿಡಿ. ನಮ್ಮ ಮನೆಯ ಮಕ್ಕಳಿಗೆ ಖಾರದ್ದು ಬೇಕು.

ಮಲೆನಾಡಒಲೆ

ಹೋಳುಗಳಿಗೆ ಲೆಕ್ಕವೇ ತಿರುಗಾ ಮುರುಗಾ. ಇಲ್ಲಿ ಓವನ್ ಚೆನ್ನಾಗಿ ಕಾದಿರಬೇಕು, 220 ಡಿಗ್ರಿ. ಹೆಬ್ಬೆರಳಿನಷ್ಟು ದಪ್ಪ ಹೋಳು ಮಾಡಿ, ನೀರಿನಲ್ಲಿ ಹಾಕಿದ್ದರೆ ಬಟ್ಟೆಯ ಮೇಲೆ ಹರವಿ ಒಣಗಿಸಿ. ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ, ಸ್ವಲ್ಪ ಜೀರಿಗೆ ಪುಡಿ ಹಚ್ಚಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ. ಒತ್ತೊತ್ತಾಗಿ ತುಂಬಿದರೆ ಹಬೆಯಲ್ಲಿ ಬೇಯುತ್ತವೆ, ಗರಿಗರಿಯಾಗುವುದಿಲ್ಲ. 25 ರಿಂದ 30 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ. ಅಂಚು ಕಂದಾದರೆ ಸಾಕು, ಕರಕಲು ಮಾಡಬೇಡಿ.

ಓಟಿಜಿಯ ಗುಂಡಿಯಲ್ಲಿ ಬರೆದ ಕಾವಿಗೂ ಒಳಗಿನ ಕಾವಿಗೂ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಇರುವುದುಂಟು. ಓವನ್ ಥರ್ಮಾಮೀಟರ್ ಒಂದು ಒಳಗೆ ತೂಗಿಹಾಕಿ ನೋಡಿದರೆ ನಿಮ್ಮ ಯಂತ್ರದ ಗುಣ ತಿಳಿಯುತ್ತದೆ. ತಟ್ಟೆಯನ್ನು ನಡು ಅಂತಸ್ತಿನಲ್ಲಿ ಇಡಿ. ಮೇಲಿನ ರಾಡಿಗೆ ಹತ್ತಿರವಾದರೆ ಸಿಪ್ಪೆ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ.

ಧಾರವಾಡದಅವ್ವ

ಇಷ್ಟೆಲ್ಲ ಮಾತಾಡಿ ಹೋಳಿಗೆ ಬಿಟ್ಟಿರಲ್ಲ! ನಮ್ಮ ಕಡೆ ಗೆಣಸು ಅಂದರೆ ಮೊದಲು ನೆನಪಾಗುವುದೇ ಗೆಣಸಿನ ಹೋಳಿಗೆ. ಕುಕ್ಕರಿನಲ್ಲಿ ಬೇಯಿಸಿದರೆ ಗೆಣಸು ನೀರು ಕುಡಿದು ಹೂರಣ ತೆಳ್ಳಗಾಗುತ್ತದೆ. ಬೆಲ್ಲ ಹಾಕಿದ ಮೇಲಂತೂ ಇನ್ನೂ ನೀರು ಬಿಡುತ್ತದೆ. ಲಟ್ಟಿಸುವಾಗ ಕಣಕ ಹರಿದು ಹೊರಗೆ ಬರುತ್ತದೆ. ಓವನ್ನಿನಲ್ಲಿ ಬೇಯಿಸಿದ್ದು ಇದಕ್ಕೆ ಹೇಳಿ ಮಾಡಿಸಿದ್ದು ಅಂತ ನನಗೆ ಮಗಳ ಮನೆಗೆ ಹೋದಾಗ ಗೊತ್ತಾಯಿತು. ಒಣ ಕಾವಿನಲ್ಲಿ ನೀರು ಆರಿ ತಿರುಳು ಗಟ್ಟಿಯಾಗಿ ಬರುತ್ತದೆ.

ಬಿಸಿ ಇರುವಾಗಲೇ ಸಿಪ್ಪೆ ತೆಗೆದು ಜರಡಿಯಲ್ಲಿ ಉಜ್ಜಬೇಕು, ನಾರು ಮೇಲೇ ಉಳಿಯುತ್ತದೆ. ಎರಡು ಲೋಟ ತಿರುಳಿಗೆ ಮುಕ್ಕಾಲು ಲೋಟ ಬೆಲ್ಲ ಸಾಕು. ಗೆಣಸೇ ಸಿಹಿಯಾಗಿರುತ್ತದೆ, ಜಾಸ್ತಿ ಹಾಕಿದರೆ ಗೆಣಸಿನ ರುಚಿ ಸತ್ತುಹೋಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಬೆಲ್ಲ ಕರಗಿ ಹೂರಣ ಗಟ್ಟಿಯಾಗುವ ತನಕ ಕೈಯಾಡಿಸಿ, ಏಲಕ್ಕಿ, ಚೂರು ಜಾಜಿಕಾಯಿ. ಪೂರ್ತಿ ಆರಿದ ಮೇಲೆ ಉಂಡೆ ಕಟ್ಟಬೇಕು.

ಖಾನಾಪುರರೈತ

ಅವ್ವಾರ, ಆ ಹೋಳಿಗೆಗೆ ಕೆನೆಹಾಲು ಇಲ್ಲದಿದ್ದರೆ ನಡೆಯುವುದಿಲ್ಲ ನೋಡ್ರಿ.

ಧಾರವಾಡದಅವ್ವ

ಹೌದಪ್ಪಾ, ಹಾಲು, ಮೇಲೆ ತುಪ್ಪ, ಎರಡೂ ಬೇಕು.

ಕಾವೇರಿತೀರ

ಎಲ್ಲರಿಗೂ ಹೃದಯದಿಂದ ಧನ್ಯವಾದ. ಎರಡು ಕೆಜಿ ಗೆಣಸು ತಂದು ಬುಟ್ಟಿಯಲ್ಲಿ ಹರವಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದೇನೆ, ತೊಳೆದಿಲ್ಲ. ಹಬ್ಬದ ದಿನ ಅರ್ಧ ಹಾಗೇ ತಿನ್ನಲು, ಅರ್ಧ ಅವ್ವನ ಹೋಳಿಗೆಗೆ. ಅವ್ವಾ, ಕಣಕಕ್ಕೆ ಚಿರೋಟಿ ರವೆ ಹಾಕಬಹುದಾ, ಅಥವಾ ಬರೀ ಗೋಧಿ ಹಿಟ್ಟು ಸಾಕಾ?

ಧಾರವಾಡದಅವ್ವ

ಗೋಧಿ ಹಿಟ್ಟು ಮುಕ್ಕಾಲು ಪಾಲು, ಚಿರೋಟಿ ರವೆ ಕಾಲು ಪಾಲು. ಚಿಟಿಕೆ ಉಪ್ಪು, ಅರಿಶಿನ. ಮೆತ್ತಗೆ ಕಲಸಿ, ಎಣ್ಣೆ ಹಾಕಿ ಚೆನ್ನಾಗಿ ನಾದಿ, ಎರಡು ತಾಸು ಮುಚ್ಚಿಡವ್ವಾ. ಗೆಣಸನ್ನು ಓವನ್ನಿಗೆ ಇಡುವ ಮೊದಲೇ ಕಣಕ ಕಲಸಿಡು, ಎರಡೂ ಒಟ್ಟಿಗೆ ಸಿದ್ಧವಾಗುತ್ತವೆ.